ಒಂಬತ್ತನೆಯವನ ಕೋಟು

೧೪ ಸೆಪ್ಟೆಂಬರ್ ೧೯೩೬, ಸೋಮವಾರ

ಐದಕ್ಕೆ ಎದ್ದೆ. ಆರಕ್ಕೆ ಮೇಕಪ್ ಕುರ್ಚಿ. ಒಂಬತ್ತೂವರೆಗೆ ಸತ್ತೆ. ಈ ತಿಂಗಳಲ್ಲಿ ಮೂರನೇ ಸಾವು — ಒಮ್ಮೆ ಕಡಲುಗಳ್ಳ, ಒಮ್ಮೆ ದನಗಳ್ಳ, ಇವತ್ತು ಐರಿಷ್ ಬಂಡಾಯಗಾರ. ಕೊನೆಗೂ ಗೊತ್ತಿರುವ ಕೆಲಸ. ಡೈರೆಕ್ಟರ್ ಕಿಟ್ರೆಡ್ಜ್‌ಗೆ ನಾನು ಬಿದ್ದ ರೀತಿ ಹಿಡಿಸಲಿಲ್ಲ. "ಗುಂಡು ತಗಲ್ದೋನು ಹಿಂಗೆ ಮಡಚ್ಕೊಂಡು ಕೂತ್ಕೊಳಲ್ಲ ಮಾರ್ಟಿ. ಹಿಂದಕ್ಕೆ ಹಾರ್ಬೇಕು." ಹಾರಿದೆ. ಗುಂಡು ತಗುಲಿದವನು ಮಡಚಿಕೊಂಡೇ ಕೂರುತ್ತಾನೆ. ನೋಡಿದ್ದೇನೆ.

ಹೋದ ವರ್ಷದ ಚಿತ್ರದ ಹಾಗೆ ಈ ಸಲವೂ ನನ್ನ ಸ್ವಂತ ಹಳೇ ಕೋಟೇ ಬೇಕಂತೆ. ಸ್ಟುಡಿಯೋದವರು ಹೊಲಿಸಿದ್ದು ಬೇಡವಂತೆ. "ಈ ಕೋಟು ನಿನಗಿಂತ ಚೆನ್ನಾಗಿ ಆಕ್ಟ್ ಮಾಡುತ್ತೆ ಕಣಯ್ಯಾ." ಎಲ್ಲರೂ ನಕ್ಕರು. ನಾನೂ.

ಮನೆಗೆ ಬಂದರೆ ಕಾಗದ. ಐರ್ಲೆಂಡಿನ ನಮ್ಮ ಕ್ಲೇರ್ ಸೀಮೆಯ ಅಂಚೆ ಮುದ್ರೆ. "ಡೆನಿಸ್ ಗಾರ್ವಿಗೆ, ಮಾರ್ಟಿನ್ ಲಿಲ್ಲಿಸ್ ಮುಖಾಂತರ." ವರ್ಷಕ್ಕೆ ಎರಡು ಬರುತ್ತವೆ. ಒಡೆಯಲಿಲ್ಲ. ನಾಳೆ.

೧೫ ಸೆಪ್ಟೆಂಬರ್

ಒಡೆದೆ. ಡೆನಿಸ್‌ನ, ಅಂದರೆ ನಮ್ಮ ಡಿನ್ನಿಯ, ತಾಯಿ ನೋರಾ ಹೇಳುತ್ತಾ ಹೋಗುತ್ತಾಳೆ, ಊರಿನ ಮೇಷ್ಟರು ಹಾಗೇ ಬರೆಯುತ್ತಾರೆ. ಓದಿದರೆ ಅವಳ ಗಂಟಲೇ ಕೇಳಿಸುತ್ತದೆ.

"ಮಗಾ ಡಿನ್ನಿ, ಊರಿನ ಹಾಲ್‌ನಲ್ಲಿ ಮಾರ್ಟಿ ಸಿನಿಮಾ ತೋರ್ಸಿದ್ರು. ನನ್ನ ಗಾಡೀಲಿ ಕೂರಿಸ್ಕೊಂಡು ಹೋದ್ರು. ಮಾರ್ಟಿ ಚೆನ್ನಾಗೇ ಮಾಡ್ದ, ಬೇಗ ಸತ್ತ. ಅವನ ಹಿಂದೆ ಗೋಡೆ ಹತ್ರ ನೀನು ನಿಂತಿದ್ದೆ. ನೀನೂ ಸಿನಿಮಾದಲ್ಲಿದೀಯ ಅಂತ ಒಂದು ಕಾಗದದಲ್ಲೂ ಬರೀಲಿಲ್ವಲ್ಲೋ. ಯಾಕಿಷ್ಟು ಸೊರಗಿದೀಯ? ಎಲ್ರಿಗೂ ಕೋಟಿತ್ತು, ನೀನೊಬ್ನೇ ಬರೀ ಅಂಗೀಲಿ. ನಿನ್ನ ಕೋಟು ಮಾರ್ಟಿ ಮೈಮೇಲಿತ್ತು. ಎರಡನೇ ಗುಂಡಿ ಮಿಕ್ಕವಕ್ಕಿಂತ ದೊಡ್ಡದು, ನಾನೇ ಹೊಲ್ದಿದ್ದು, ನಂಗೆ ಗೊತ್ತಾಗಲ್ವಾ? ಯಾಕೆ ಕೊಟ್ಟೆ ಅವನಿಗೆ? ಚಳಿ ಆಗಲ್ವಾ ನಿಂಗೆ? ನಾನು ಕ್ರಿಸ್‌ಮಸ್ ನೋಡಲ್ಲ ಅಂತಾರೆ ಡಾಕ್ಟ್ರು. ನನ್ನ ಹೆಣದ ಪೆಟ್ಟಿಗೆ ಹೊರೋಕೆ ಬಾ. ಬರಕ್ಕಾಗ್ದಿದ್ರೆ ಯಾಕೆ ಆಗಲ್ಲ ಅಂತಾದ್ರೂ ನಿಜ ಹೇಳು."

ಡಿನ್ನಿ ಅಮೆರಿಕಕ್ಕೆ ಬರಲೇ ಇಲ್ಲ. ಹದಿನೈದು ವರ್ಷದಿಂದ ಡೆರಿಮೋರ್ ಜೌಗಿನ ಕೆಳಗಿದ್ದಾನೆ. ಅವನನ್ನು ಅಲ್ಲಿ ಇಳಿಸಿದ ಎಂಟು ಜನರಲ್ಲಿ ನಾನೊಬ್ಬ. ಅವನು ಹಡಗು ಹತ್ತಿದ ಎಂದು ತಾಯಿಗೆ ಹೇಳಿ ಬಂದೆವು. ಹಡಗು ಹತ್ತುವವರನ್ನು ನಮ್ಮಲ್ಲಿ ಸತ್ತವರ ಹಾಗೆ ಕೂತು ಅತ್ತು ಕಳಿಸುತ್ತಾರೆ. ಹೇಳದೆ ಹೋದನಲ್ಲಾ ಎಂದು ಅವಳು ಅವನ ಟೋಪಿ ಮುಂದಿಟ್ಟುಕೊಂಡು ಅತ್ತಳು. ನಾನೂ ಹೋಗಿ ಕೂತಿದ್ದೆ, ಅವಳು ಕೊಟ್ಟ ಚಹಾ ಕುಡಿದೆ.

ಇಲ್ಲಿಂದ ಅವನ ಹೆಸರಲ್ಲಿ ಬರೆಯುವವನು ನಾನೇ. ಎಡಗೈಯಲ್ಲಿ, ಅಕ್ಷರ ಬೇರೆ ಕಾಣಲೆಂದು. ನನ್ನ ಮೊದಲ ಪಾತ್ರ ಅದು. ಅಷ್ಟು ದಿನ ಓಡಿದ್ದು ಇನ್ನೊಂದಿಲ್ಲ.

೧೭ ಸೆಪ್ಟೆಂಬರ್, ಸಂಜೆ ಐದು

ಮಧ್ಯಾಹ್ನದ ಆಟಕ್ಕೆ ಹೋಗಿ ಆ ಚಿತ್ರ ನೋಡಿದೆ. ಎರಡು ಸಲ. ನನ್ನ ಹಿಂದೆ ಸುಣ್ಣ ಬಳಿದ ಗೋಡೆ. ಯಾರೂ ಇಲ್ಲ. ಮುದುಕಿಯ ಕಣ್ಣು, ಬಿಡು ಎಂದುಕೊಂಡೆ.

ಆದರೆ ಎರಡನೇ ಸಲ ಒಂದು ಕಂಡಿತು. ಬಾಗಿಲಲ್ಲಿ ನಾನು ಪಕ್ಕಕ್ಕೆ ಸರಿದು ಯಾರಿಗೋ ದಾರಿ ಬಿಡುತ್ತೇನೆ. ಆಮೇಲೆ ಒಳಗೆ ಬರುತ್ತೇನೆ. ಯಾರೂ ಹೋಗುವುದಿಲ್ಲ. ಹಾಗೆ ಮಾಡೆಂದು ಕಿಟ್ರೆಡ್ಜ್ ಹೇಳಿದ ನೆನಪಿಲ್ಲ. ಮಾಡಿದ ನೆನಪೂ ಇಲ್ಲ.

೨೨ ಸೆಪ್ಟೆಂಬರ್

ಇವತ್ತು ಸಾಲು ಎಣಿಸುವ ದೃಶ್ಯ. ನಾನೇ ಹೇಳಿಕೊಟ್ಟದ್ದು — ನಮ್ಮ ತುಕಡಿ ಹೊರಡುವ ಮುಂಚೆ ಪ್ರತಿಯೊಬ್ಬನೂ ತನ್ನ ನಂಬರು ಕೂಗಬೇಕು, ಯಾರೂ ಹಿಂದೆ ಉಳಿದಿಲ್ಲವೆಂದು ಗೊತ್ತಾಗಲು. ಚಿತ್ರದಲ್ಲಿ ಎಂಟು ಜನ. ಕೊನೆಯವನು ನಾನು. ಆಗಲೂ ನನ್ನದು ಎಂಟೇ ಆಗಿತ್ತು.

ಒಂದು, ಎರಡು, ಮೂರು... ಎಂಟು ಅಂದೆ. ಕಿಟ್ರೆಡ್ಜ್ ಕಟ್ ಅಂದ. ಶಬ್ದ ಹಿಡಿಯುವ ಏಬ್ ಪೆಕ್ ತನ್ನ ಗೂಡಿನಿಂದ ಮುಖ ಗಂಟಿಕ್ಕಿಕೊಂಡು ಬಂದ.

"ಎಷ್ಟು ಜನ ಇದ್ದೀರಿ?"

"ಎಂಟು. ಕಣ್ಣಿಲ್ವಾ?" ಅಂದ ಕಿಟ್ರೆಡ್ಜ್.

"ಕಿವಿ ಇದೆ. ಒಂಬತ್ತು ಅಂದೋನು ಯಾವನು? ತಮಾಷೆಗೆ ನನ್ನ ಫಿಲಂ ಹಾಳು ಮಾಡ್ಬೇಡ್ರಪ್ಪಾ."

ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಇನ್ನೊಮ್ಮೆ ತೆಗೆದರು. ಏಬ್ ಮತ್ತೆ ಬಂದ. ಈ ಸಲ ಬೈಯಲಿಲ್ಲ. ನನ್ನನ್ನು ಮಾತ್ರ ನೋಡಿದ.

೨೩ ಸೆಪ್ಟೆಂಬರ್, ಬೆಳಿಗ್ಗೆ

ಏಬ್‌ನನ್ನು ಕಾಡಿ ಬೇಡಿ ಹೆಡ್‌ಫೋನ್ ಹಾಕಿಸಿಕೊಂಡು ಕೇಳಿದೆ. ನನ್ನ ಎಂಟು. ಆಮೇಲೆ ಒಂದು ಉಸಿರಿನಷ್ಟು ಬಿಡುವು. ಆಮೇಲೆ ಒಂಬತ್ತು. ಮೂಗು ಕಟ್ಟಿದ ದನಿ. ಆ ವಾರ ಡಿನ್ನಿಗೆ ನೆಗಡಿಯಾಗಿತ್ತು.

"ಗೊತ್ತಿರೋನಾ?" ಏಬ್ ಕೇಳಿದ.

"ಹೂಂ."

"ಎಲ್ಲಿದ್ದಾನೆ?"

"ಊರಲ್ಲಿ."

ಬರೆದುಬಿಡುತ್ತೇನೆ. ೧೯೨೧ರ ಮಾರ್ಚ್. ನಾವು ಬ್ರಿಟಿಷರ ಮೇಲೆ ಬಂಡೆದ್ದ ಕಾಲ. ಅವರ ಪೊಲೀಸರಿಗೆ ಯಾರೂ ಏನೂ ಮಾರಬಾರದೆಂದು ನಮ್ಮ ಕಟ್ಟಪ್ಪಣೆ. ಮಾರಿದ ಹೆಂಗಸರ ತಲೆ ಬೋಳಿಸುತ್ತಿದ್ದೆವು, ಆ ಬಗ್ಗೆ ಹೆಮ್ಮೆಯೂ ಇತ್ತು. ಡಿನ್ನಿ ಠಾಣೆಯ ಹಿಂಬಾಗಿಲಿಂದ ಹೊರಬಂದದ್ದನ್ನು ಯಾರೋ ನೋಡಿದರು. ಎರಡು ದಿನಕ್ಕೆ ನಾವು ಅಡಗಿದ್ದ ಕೊಟ್ಟಿಗೆಗೆ ಪೊಲೀಸರು ನುಗ್ಗಿದರು. ಎರಡನ್ನೂ ಕೂಡಿಸಿದೆವು. ಯಾಕೆ ಹೋಗಿದ್ದೆ ಎಂದು ಮೂರು ಸಲ ಕೇಳಿದೆವು. "ಹೇಳಕ್ಕಾಗಲ್ಲ" ಅಂದ, ಮೂರು ಸಲವೂ. ಕೋಟು ಬಿಚ್ಚಿಸಿದೆವು, ಹೊಸದು, ತೂತಾಗುವುದು ಬೇಡವೆಂದು. ನನಗೆ ಕೋಟಿರಲಿಲ್ಲ, ನನಗೆ ಕೊಟ್ಟರು. ಅವನು ಮಡಚಿಕೊಂಡು ಕೂತ.

ಮುಚ್ಚಿ ಬಂದ ಮೇಲೆ ಜೇಬಿಗೆ ಕೈ ಹಾಕಿದೆ. ಒಣಹುಲ್ಲು ಸುತ್ತಿದ ಆರು ಮೊಟ್ಟೆ. ಒಂದೂ ಒಡೆದಿರಲಿಲ್ಲ. ಆಗ ಹೊಳೆಯಿತು: ತಾಯಿ ಸಾಕಿದ ಕೋಳಿಯವು, ದಫೇದಾರನ ಹೆಂಡತಿಗೆ ಮಾರಲು ಒಯ್ಯುತ್ತಿದ್ದ. ತಾಯಿಯ ತಲೆಗೂದಲು ಉಳಿಯಲೆಂದು ಬಾಯಿ ಬಿಟ್ಟಿರಲಿಲ್ಲ. ಬೇಲಿಯ ಹಿಂದೆ ಕೂತು ಆರನ್ನೂ ಹಸಿಯಾಗಿ ಕುಡಿದೆ. ತೋರಿಸಿದ್ದರೆ ನಾವು ಮಾಡಿದ್ದೇನೆಂದು ಎಲ್ಲರಿಗೂ ತಿಳಿಯುತ್ತಿತ್ತು. ಅಸಹ್ಯವಾಗುತ್ತದೆ ನೆನೆದರೆ. ಹಸಿವೂ ಇತ್ತು, ಅದೂ ನಿಜ.

ಹೊರಡುವಾಗ ಸಾಲು ಎಣಿಸಿದರು. ನಾನು ಎಂಟು ಅಂದೆ. ಆಮೇಲೆ ಎಲ್ಲರೂ ಅವನ ಒಂಬತ್ತಕ್ಕೆ ಕಾದೆವು. ಅಭ್ಯಾಸ.

ಆ ಎಂಟರಲ್ಲಿ ಮೂವರು ಅದೇ ಬೇಸಗೆಯಲ್ಲಿ ಹೋದರು. ಇಬ್ಬರು ಮರುವರ್ಷದ ಅಂತರ್ಯುದ್ಧದಲ್ಲಿ ಒಬ್ಬರಿಗೊಬ್ಬರು ಎದುರು ನಿಂತು ಹೋದರು. ಒಬ್ಬ ಕ್ಷಯದಲ್ಲಿ. ನನ್ನ ಮುಂಚೆ ಏಳು ಅನ್ನುತ್ತಿದ್ದ ಪೀಡರ್ ಕಳೆದ ಚಳಿಗಾಲ ಬಾಸ್ಟನ್ನಿನಲ್ಲಿ, ಕೆಮ್ಮಿ ಕೆಮ್ಮಿ. ಜಾಗ ಗೊತ್ತಿರುವವನು ಈಗ ನಾನೊಬ್ಬನೇ. ನಾನು ಹೇಳದಿದ್ದರೆ ನೋರಾ ಕಾಯುತ್ತಲೇ ಸಾಯುತ್ತಾಳೆ.

ಹೇಳಿದರೆ... ಗೊತ್ತಿಲ್ಲ.

೩ ಅಕ್ಟೋಬರ್

ಹತ್ತು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ ಎಂದಲ್ಲ. ಮಳೆ ಕಾಣದ ಊರಲ್ಲಿ ಗೂಟಕ್ಕೆ ಹಾಕಿದ ಕೋಟು ದಿನಾ ಬೆಳಿಗ್ಗೆ ಒದ್ದೆಯಾಗಿರುತ್ತದೆ.

ಮನೆ ಒಡತಿ ಡೀಲಿಯಾ ಟೂಹಿ ನೆಲ ಒರೆಸಲು ಬಂದವಳು ಅದನ್ನು ಮುಟ್ಟಿ ಕೈ ಹಿಂದೆ ತೆಗೆದಳು. ನಮ್ಮ ದೇಶದ ಮೇಯೋ ಸೀಮೆಯ ವಿಧವೆ, ಅವಳ ಮುಂದೆ ಸುಳ್ಳು ನಡೆಯುವುದಿಲ್ಲ.

"ಯಾರ್ದೋ ಇದು?"

"ನಂದೇ, ಡೀಲಿಯಮ್ಮ."

"ನಿಂದಾಗಿದ್ರೆ ತೋಳು ಯಾಕೆ ಮೊಣಕೈಗೆ ಬರುತ್ತೆ? ಸತ್ತೋನ್ದು ತಾನೆ?"

ಹೌದೆಂದು ತಲೆಯಾಡಿಸಿದೆ.

"ಮೂರು ಭಾನುವಾರ ಚರ್ಚ್ ಪೂಜೆಗೆ ಹಾಕ್ಕೊಂಡು ಹೋಗಿದ್ಯಾ?"

ಇಲ್ಲ ಎಂದೆ. ಅವಳು ಬಟ್ಟೆ ಬಕೆಟ್ಟಿಗೆ ಹಾಕಿ ಕುರ್ಚಿಯಲ್ಲಿ ಕೂತಳು. ಸತ್ತವರ ಬಟ್ಟೆಯನ್ನು ಆಪ್ತರು ಯಾರಾದರೂ ಮೂರು ಭಾನುವಾರ ಪೂಜೆಗೆ ಉಟ್ಟು, ತೀರ್ಥ ಚಿಮುಕಿಸಿಕೊಂಡು ಬರಬೇಕು. ಆಗ ಅದು ಪರಲೋಕದಲ್ಲಿ ಅವರ ಮೈಗೆ ಸೇರುತ್ತದೆ. ನನಗೆ ಗೊತ್ತಿಲ್ಲದ್ದೇನಲ್ಲ, ನಮ್ಮಪ್ಪನದನ್ನು ಉಟ್ಟವನೂ ನಾನೇ.

"ಎಷ್ಟು ವರ್ಷ ಆಯ್ತು?"

"ಹದಿನೈದು."

"ಅಯ್ಯೋ ಪಾಪಿ. ಅಷ್ಟು ವರ್ಷದಿಂದ ಬರೀ ಅಂಗೀಲಿ ನಿಂತಿದ್ದಾನಲ್ಲೋ ಅವನು. ಅವರ ಮನೇಲಿ ಕೇಳಿ ತಂದಿದ್ದಾ?"

"ಇಲ್ಲ."

"ಮೊದ್ಲು ಅವರಿಗೆ ಹೇಳು. ಕದ್ದ ಬಟ್ಟೇಲಿ ಮೊಣಕಾಲೂರಿದ್ರೆ ಯಾರಿಗೂ ತಲಪಲ್ಲ."

೫ ಅಕ್ಟೋಬರ್

ಬರೆದೆ. ಬಲಗೈಯಲ್ಲಿ. ಅವನು ಎಲ್ಲಿದ್ದಾನೆ — ಮುರಿದ ಸುಣ್ಣದ ಗೂಡಿನಿಂದ ಪಶ್ಚಿಮಕ್ಕೆ ನಲವತ್ತು ಹೆಜ್ಜೆ, ಮೂರು ಬಿಳಿ ಕಲ್ಲು. ಯಾರು ಯಾರು ಹಾರಿಸಿದೆವು. ಕೇಳಿದ್ದಕ್ಕೆ ಅವನು ಉತ್ತರ ಕೊಡಲಿಲ್ಲ ಎಂದು. ಕಾಗದಗಳೆಲ್ಲ ನನ್ನವು ಎಂದು. ಕೋಟಿನ ವಿಷಯ, ಮೂರು ಭಾನುವಾರದ ವಿಷಯ. ಮೊಟ್ಟೆಯದು ಮಾತ್ರ ಬಿಟ್ಟೆ. ತನ್ನಿಂದಾಗಿ ಹೋದ ಎಂದು ತಿಳಿದು ಅವಳು ಸಾಯುವುದು ಬೇಡ.

ಅಂಚೆ ಡಬ್ಬಿಯ ಮುಂದೆ ಅರ್ಧ ಗಂಟೆ ನಿಂತೆ. ಹಾಕಿದೆ. ತಲಪಿತು ಎನ್ನುವಷ್ಟು ದಿನ ಕಳೆದ ಮೇಲೆ ಕೋಟು ಹಾಕುತ್ತೇನೆ.

೧೮ ಅಕ್ಟೋಬರ್, ಭಾನುವಾರ

ಮೊದಲನೆಯದು. ಹೊರಗೆ ರಣಬಿಸಿಲು. ಕೋಟಿನ ತುದಿಯಿಂದ ನೀರು ತೊಟ್ಟಿಕ್ಕಿ ಚರ್ಚಿನ ಕಲ್ಲಿನ ಮೇಲೆ ಕಂದು ಗೆರೆ. ಜೌಗಿನ ವಾಸನೆ. ನನಗೆ ಚೆನ್ನಾಗಿ ಗೊತ್ತು ಆ ನೀರಿನ ಬಣ್ಣ.

೨೫ ಅಕ್ಟೋಬರ್, ಭಾನುವಾರ

ಎರಡನೆಯದು. ಕೊನೆಯ ಬೆಂಚಿನಲ್ಲಿ ಒಬ್ಬ ಅಪರಿಚಿತ ಹೆಂಗಸು ಕೂತಿದ್ದಳು. ನಾನು ಬಂದೊಡನೆ ಸರಿದಳು. ಇನ್ನೂ ಸರಿದಳು. ಇಬ್ಬರಿಗಾಗುವಷ್ಟು ಜಾಗ ಬಿಟ್ಟಳು. "ನಿಮ್ ಜೊತೆ ಇರೋರು ಕೂತ್ಕೊಳ್ಳಿ, ಪಾಪ, ನಡುಗ್ತಿದ್ದಾರೆ" ಅಂದಳು.

ನಾನು ಪಕ್ಕಕ್ಕೆ ನೋಡಲಿಲ್ಲ. ಹೆದರಿಕೆಯಾಯಿತು. ಹೆದರಿಕೆಯ ಕೆಳಗೆ ಇನ್ನೇನೋ ಇತ್ತು, ಊರಿನ ಬಸ್ಸಿನಲ್ಲಿ ಗೆಳೆಯನಿಗೆ ಜಾಗ ಹಿಡಿದಿಟ್ಟ ಹಾಗೆ.

೩೧ ಅಕ್ಟೋಬರ್, ಶನಿವಾರ

ಬಂತು. ಮೇಷ್ಟರ ಅಕ್ಷರ. ಈ ಸಲ ಲಕೋಟೆಯ ಮೇಲೆ ನನ್ನ ಹೆಸರು.

"ಮಾರ್ಟಿ, ನೀನು ಹೇಳಿದ ಜಾಗದಲ್ಲೇ ಇದ್ದ. ಜೌಗು ಏನೂ ಕೆಡಿಸಿಲ್ಲ. ಇಪ್ಪತ್ತೆರಡು ವಯಸ್ಸಿನ ಮುಖ ಹಾಗೇ ಇತ್ತು, ಬರೀ ಅಂಗೀಲಿ, ಸಿನಿಮಾದಲ್ಲಿ ನೋಡ್ದಂಗೇ. ಅಡುಗೆಮನೆ ಮೇಜಿನ ಮೇಲೆ ಮಲಗಿಸಿ, ಸತ್ತೋರಿಗೆ ಮಾಡೋ ಹಾಗೆ ಗಡಿಯಾರ ನಿಲ್ಸಿ, ಒಂದ್ನಿಮಿಷಾನೂ ಒಂಟಿ ಬಿಡ್ದೆ ಕಾದ್ವಿ. ಅವನೇ ಕಾಗದ ಬರ್ದಿದ್ರೆ ಎರಡು ಸಾಲು ಬರೀತಿದ್ದ. ನೀನು ಪುಟಗಟ್ಲೆ ಬರ್ದೆ. ಆ ಕಾಗದಗಳ್ನೆಲ್ಲ ಒಲೆಗೆ ಹಾಕೋಣ ಅಂತ ತೆಗ್ದೆ, ಮನಸ್ಸಾಗ್ಲಿಲ್ಲ. ನಿನ್ನ ಕ್ಷಮಿಸಿದೀನಾ ಅಂತ ಕೇಳ್ಬೇಡ, ನಂಗೆ ಗೊತ್ತಿಲ್ಲ. ಕೋಟು ಅವನಿಗೆ ತಲಪಿಸು. ಮೂರನೇ ಭಾನುವಾರ ತಪ್ಪಿಸ್ಬೇಡ.

"ಅವನು ಯಾಕೆ ಬಾಯಿ ಬಿಡ್ಲಿಲ್ಲ ಅಂತ ನೀನು ಬರೀಲಿಲ್ಲ. ಅವತ್ತು ಆರು ಮೊಟ್ಟೆ ಹುಲ್ಲು ಸುತ್ತಿ ಆ ಜೇಬಲ್ಲಿಟ್ಟೋಳು ನಾನೇ. ಅವು ಏನಾದ್ವು, ಅಷ್ಟು ಹೇಳು. ಯಾರಾದ್ರೂ ತಿಂದ್ರಾ? ಅದೂ ಹಾಳಾಯ್ತು ಅಂದ್ರೆ ನಂಗೆ ಸಹಿಸಕ್ಕಾಗಲ್ಲ."

ಅತ್ತೆ. ಸಿನಿಮಾದ ಅಳುವಲ್ಲ, ಮೂಗು ಸೋರುವ ಅಳು. ಡೀಲಿಯಮ್ಮ ಬಾಗಿಲಲ್ಲಿ ನಿಂತು ನೋಡಿ, ಚಹಾ ಇಟ್ಟು ಹೋದಳು.

೧ ನವೆಂಬರ್, ಭಾನುವಾರ, ಮಧ್ಯಾಹ್ನ ಎರಡು

ಮೂರನೆಯದೂ ಆಯಿತು. ಇವತ್ತು ಕೋಟು ಒಣಗಿತ್ತು. ಹಗುರ. ತೀರ್ಥ ಬಿದ್ದಾಗ ಬೆನ್ನ ಮೇಲೆ ಯಾರೋ ಕೈ ಇಟ್ಟು ತೆಗೆದ ಹಾಗಾಯಿತು. ಬಂದು ಗೂಟಕ್ಕೆ ಹಾಕಿ ಊಟಕ್ಕೆ ಇಳಿದೆ.

ಎರಡೂವರೆ

ಗೂಟ ಖಾಲಿ. "ನಾನ್ಯಾಕೆ ಮುಟ್ಲಿ ಅದನ್ನ?" ಅಂದಳು ಡೀಲಿಯಮ್ಮ. ಗೂಟದ ಕೆಳಗೆ ನೆಲದ ಮೇಲೆ ಒಂದು ಒಣಹುಲ್ಲಿನ ಕಡ್ಡಿ. ಅವಳು ಶಿಲುಬೆ ಗುರುತು ಮಾಡಿಕೊಂಡಳು. "ತಲಪ್ತು ಬಿಡು" ಅಂದಳು.

ನೋರಾಗೆ ಬರೆದೆ. ಆರನ್ನೂ ನಾನೇ ಕುಡಿದೆ, ಒಂದೂ ಹಾಳಾಗಲಿಲ್ಲ, ಅದರ ಮೇಲೆ ಎರಡು ದಿನ ನಡೆದೆ ಎಂದು. ಕೆಳಗೆ ನನ್ನ ಹೆಸರು. ಅಂಟಿಸಿ ಡೀಲಿಯಮ್ಮನ ಕೈಗೆ ಕೊಟ್ಟೆ. ಅಂಚೆಗೆ ಹಾಕಲು ಈಗಷ್ಟೇ ಹೋದಳು.

ಮೂರು

ಮನೆಯಲ್ಲಿ ಯಾರೂ ಇಲ್ಲ. ಮೆಟ್ಟಿಲ ಮೇಲೆ ಎಣಿಸುತ್ತಿದ್ದಾರೆ.

ಕಿಟಕಿಯಲ್ಲಿ ಬಿಸಿಲು, ರಸ್ತೆಯಲ್ಲಿ ಟ್ರಾಮು, ಎಲ್ಲ ಇದ್ದ ಹಾಗೇ ಇದೆ. ಒಂದು. ಎರಡು. ದನಿಗಳ ಗುರುತು ಸಿಗುತ್ತದೆ, ನಮ್ಮ ತುಕಡಿಯವರವೇ. ಆರು. ಏಳು — ಪೀಡರ್, ಅದೇ ಕೆಮ್ಮು.

ನಿಂತಿತು.

ಎಂಟು ನನ್ನದು. ನಾನು ಹೇಳದೆ ಡಿನ್ನಿ ತನ್ನ ಒಂಬತ್ತು ಹೇಳುವಂತಿಲ್ಲ. ಅದು ಕ್ರಮ. ಕಾಯುತ್ತಿದ್ದಾರೆ. ಮತ್ತೆ ಮೊದಲಿಂದ... ಐದು. ಆರು. ಏಳು. ಬಾಗಿಲ ಕೆಳಗಿನ ಸಂದಿಯಲ್ಲಿ ಕೋಟಿನ ಅಂಚಿನ ನೆರಳು. ಮೂಗು ಎಳೆದುಕೊಳ್ಳುತ್ತಿದ್ದಾನೆ, ಇನ್ನೂ ನೆಗಡಿ ಹೋಗಿಲ್ಲ.

ಹದಿನೈದು ವರ್ಷ ಕಾಯಿಸಿದ್ದು ಸಾಕು. ಎದ್ದು ಬಾಗಿಲು ತೆಗೆದು ನನ್ನ ನಂಬರು ಹೇಳುತ್ತೇನೆ.