ಹತ್ತಿರದವರ ರಜೆ

ಶೆಟಗೇರಿ, ಅಂಕೋಲಾ
ಬುಧವಾರ, ೬ ಆಗಸ್ಟ್ ೨೦೨೫

ಬಿಣಗಾದಲ್ಲಿರುವ ನಮ್ಮ ಮನೆಯವರಿಗೆ ದೀಪಾಳ ನಮಸ್ಕಾರ.

ಹೇಗಿದ್ದೀರಿ? ಕೆಮ್ಮು ಕಡಿಮೆಯಾಯ್ತಾ? ರೂಮಿನಲ್ಲಿ ತಂಗಳನ್ನ ಉಂಡು ಈ ಮಳೆಯಲ್ಲಿ ರಾತ್ರಿ ಪಾಳಿಗೆ ಹೋದರೆ ಕೆಮ್ಮು ಬರದೆ ಇನ್ನೆಂಥ ಬರ್ತದೆ? ಇಲ್ಲಿ ಅತ್ತೆ, ಮಾವ ಆರಾಮ ಇದ್ದಾರೆ. ಸಾತ್ವಿಕನ ಮುಂದಿನ ಹಲ್ಲು ಬಿತ್ತು. ಮಾಡಿನ ಮೇಲೆ ಎಸೆಯೋ ಅಂದರೆ ಕೇಳೂದಿಲ್ಲ. ಅಪ್ಪನಿಗೆ ತೋರಿಸಬೇಕಂತೆ, ನನ್ನ ಕುಂಕುಮದ ಡಬ್ಬಿಯಲ್ಲಿ ಇಟ್ಟುಕೊಂಡು ಕಾಯ್ತಿದ್ದಾನೆ.

ಫೋನಿರುವಾಗ ಪತ್ರ ಎಂಥದಕ್ಕೆ ಅಂತ ನಗಬೇಡಿ. ಫೋನು ಮಾಡಿದರೆ 'ಡ್ಯೂಟಿ ಮೇಲಿದ್ದೆ, ಆಮೇಲೆ ಮಾಡ್ತೆ' ಅಂತೀರಿ. ನಿಮ್ಮ ಆ 'ಆಮೇಲೆ'ಗೆ ಗಡ್ಡ ಮೀಸೆ ಬಂತು ಮಾರಾಯ್ರೆ. ಪತ್ರವನ್ನು ನಡುವೆ ಕಟ್ ಮಾಡಲಿಕ್ಕೆ ಬರೂದಿಲ್ಲ. ಪಕ್ಕದ ಮನೆ ಪ್ರದೀಪ ಈಗ ಕಾರವಾರಕ್ಕೆ ಹೊರಟಿದ್ದಾನೆ, ಬಿಣಗಾ ದಾರಿಯಲ್ಲೇ ಸಿಗ್ತದಲ್ಲ, ಅವನ ಕೈಯಲ್ಲಿ ಕೊಡ್ತೇನೆ.

ಗದ್ದೆ ನೆಟ್ಟಿ ಮುಗಿಯಿತು. ರವಿವಾರ ಕೈ ತೊಳೆಯುವ ದಿನ ಮಾಡಿದೆವು. ನಿಮ್ಮ ಮನೆಯ ಕ್ರಮ ನಿಮಗೇ ನಾನು ಹೇಳೂದಾ? ಹೇಳ್ತೇನೆ, ಮರೆತಿರಬಹುದು. ಆ ದಿನ ಯಾರೂ ಮಣ್ಣು ಮುಟ್ಟೂದಿಲ್ಲ, ಕತ್ತಿ ಹಿಡಿಯೂದಿಲ್ಲ. ಮಾವ ಟಿಲ್ಲರ್ ತೊಳೆದು ಅರಿಶಿನ ಹಚ್ಚಿದರು, 'ಅದಕ್ಕೂ ಸುಸ್ತಿಲ್ವನೆ' ಅಂದರು. ಅತ್ತೆ ಎಲ್ಲರನ್ನೂ ಜಗುಲಿಯಲ್ಲಿ ಸಾಲಾಗಿ ಕೂರಿಸಿ, ಕೆಸರು ತಿಂದ ಕಾಲಿಗೆ ತೆಂಗಿನೆಣ್ಣೆ ತಿಕ್ಕಿದರು. ಊಟಕ್ಕೆ ಅರಿಶಿನ ಎಲೆಯಲ್ಲಿ ಬೇಯಿಸಿದ ಪಾತೋಳಿ. ನಿಮ್ಮ ಎಲೆ ಹಾಕಿ, ಎರಡು ಪಾತೋಳಿ ಇಟ್ಟಿದ್ದೆವು. ಎಲ್ಲರ ಊಟ ಮುಗಿದ ಮೇಲೆ ಮಾವ ಆ ಎಲೆ ಎತ್ತಿಕೊಂಡು ಹೋಗಿ ಆಕಳಿಗೆ ಕೊಟ್ಟರು.

ಬರ್ತೆ ಅಂದವರು ನೀವು. ಹಿಂದಿನ ಸಂಜೆ ಫೋನು ಬಂತು. 'ಜೊತೆ ಕೆಲಸದ ಬಿಹಾರದ ಹುಡುಗ ಊರಿಗೆ ಹೊರಟಿದ್ದಾನೆ, ಪಾಪ, ದೂರದವನು, ಅವನ ಪಾಳಿ ನಾನು ನೋಡಿಕೊಳ್ತೆ, ನಮ್ಮ ಮನೆ ಇಲ್ಲೇ ಮಗ್ಗುಲಲ್ಲಿ, ಯಾವಾಗ ಬೇಕಾದರೂ ಬರಬಹುದು' ಅಂದ್ರಿ. ಹೋದ ಚೌತಿಗೆ ಒಡಿಶಾದವನು, ದೀಪಾವಳಿಗೆ ಕೇರಳದವನು. ದೂರದವರಿಗೆಲ್ಲ ರಜೆ, ನಿಮಗೆ ಪುಣ್ಯ! ಸಾಹೇಬರೇ 'ರಜೆ ಹಾಕೋ' ಅಂತ ಹೇಳಿದರೂ ಹಾಕೂದಿಲ್ಲವಂತೆ. ಬಸ್ಸಿನಲ್ಲಿ ಒಂದು ತಾಸಿನ ದಾರಿ. ನೀವು ದುಬೈಯಲ್ಲಿದ್ದಿದ್ದರೆ ವರ್ಷಕ್ಕೊಮ್ಮೆಯಾದರೂ ಹದಿನೈದು ದಿನ ಕಣ್ಣಿಗೆ ಕಾಣ್ತಿದ್ರಿ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ನಾವು ಆ ಗಿಡ.

ಮದುವೆಯಾದ ವರ್ಷ ಕೈ ತೊಳೆಯುವ ದಿನಕ್ಕೆ ನೀವು ರಜೆ ಹಾಕಿ ಬಂದಿದ್ರಿ, ನೆನಪುಂಟಾ? ಏನೂ ಮಾಡಲಿಲ್ಲ. ಮಳೆ ನೋಡುತ್ತಾ ಕೂತಿದ್ರಿ. ಆ ಸಲ ನನ್ನ ಕಾಲಿಗೆ ಎಣ್ಣೆ ಹಚ್ಚಿದ್ದು ಅತ್ತೆ ಅಲ್ಲ, ನೀವು. ಮಾವ ಒಳಗೆ ಬಂದದ್ದೇ ಎಣ್ಣೆ ಬಟ್ಟಲು ಬಿಟ್ಟು ಓಡಿದ್ರಿ. ನೀವು ತಂದುಕೊಟ್ಟ ಸೀರೆ ಯಾವುದು, ಬಳೆ ಯಾವುದು, ನನಗೆ ಈಗ ಸರಿಯಾಗಿ ನೆನಪಿಲ್ಲ. ಆ ಏನೂ ಮಾಡದ ದಿನ ಮಾತ್ರ ಹಾಗೇ ಇದೆ. ನಿಮ್ಮ ನೆನಪು ಬಹಳ ಆಗ್ತದೆ. ಬರೆಯಲಿಕ್ಕೆ ನಾಚಿಕೆ, ಆದರೂ ಬರೆದೆ.

ಇನ್ನೊಂದು ಹೇಳಬೇಕು. ನಿಮ್ಮ ತಂಗಿ ವೀಣಾ ಮುಂಬೈಯಿಂದ ಬಂದಿದ್ದಾಳೆ. ರವಿವಾರ ಪಾತ್ರೆ ತೊಳೆಯಲಿಕ್ಕೆ ಎದ್ದಳು. ನಾನು, 'ಕೂತ್ಕೊಳ್ಳೆ, ದೂರದಿಂದ ಬಂದವಳು ನೀನು, ನಾನು ಹೇಗೂ ಇಲ್ಲೇ ಇರ್ತೆ' ಅಂದೆ. ಅಂದವಳು ಹಾಗೇ ನಿಂತೆ. ಇದು ನಿಮ್ಮದೇ ಮಾತಲ್ಲವಾ! ನಿಮಗೆ ಮನಸ್ಸಿನಲ್ಲೇ ಬೈದದ್ದೆಲ್ಲ ನನಗೇ ತಾಗಿತು. ಒಲೆ ಮುಂದೆ ಇದ್ದವಳು ನಾನು, ಜಗುಲಿಯ ಸಾಲಿನಲ್ಲಿ ಕೂರಲೇ ಇಲ್ಲ. ನನ್ನ ಕಾಲಿಗೆ ಈ ವರ್ಷ ಎಣ್ಣೆ ಬೀಳಲಿಲ್ಲ, ಯಾರಿಗೂ ಗೊತ್ತೂ ಆಗಲಿಲ್ಲ.

ಬಿಸಿನೀರು ಕುಡಿಯಿರಿ. ಒದ್ದೆ ಸಾಕ್ಸು ಹಾಕಿಕೊಳ್ಳಬೇಡಿ. ಅತ್ತೆ ಮಾವನ ಆಶೀರ್ವಾದ ನಿಮ್ಮ ಮೇಲಿರಲಿ. ಸಾತ್ವಿಕ ಮುತ್ತು ಕೊಟ್ಟಿದ್ದಾನೆ.

ನಿಮ್ಮ
ದೀಪಾ

ತಾ.ಕ.: ಪ್ರದೀಪ ಬೈಕು ಚಾಲೂ ಮಾಡಿ ನಿಂತಿದ್ದಾನೆ, ಬೇಗ ಬರೀತೇನೆ. ಮಂಗಳವಾರ ಬೆಳಗಿನ ಬಸ್ಸಿಗೆ ನಾನೇ ಬಿಣಗಾಕ್ಕೆ ಬರ್ತೇನೆ. ನಿಮ್ಮನ್ನು ಕರೆಯಲಿಕ್ಕಲ್ಲ, ರಜೆಯ ಮೇಲೆ. ಹೊಲಿಗೆ ಮಿಷನ್ನಿಗೆ ಬಟ್ಟೆ ಮುಚ್ಚಿದೆ, ಊರವರ ಚೌತಿ ರವಿಕೆಗಳು ಎರಡು ದಿನ ಕಾಯಲಿ. ಆಕಳು, ಸಾತ್ವಿಕ ಇಬ್ಬರನ್ನೂ ವೀಣಾ ನೋಡಿಕೊಳ್ತಾಳಂತೆ, ಒದೆಸಿಕೊಳ್ಳದಿದ್ದರೆ ಸಾಕು. ಅತ್ತೆಗೆ ಹೆದರಿ ಹೆದರಿ ಹೇಳಿದೆ. 'ನಾನು ಒಂದು ದಿನವೂ ಹೀಗೆ ಹೋದವಳಲ್ಲ, ನೀನಾದರೂ ಹೋಗೆ' ಅಂದರು. ನಿಮಗೆ ರಜೆ ಹಾಕಲಿಕ್ಕೆ ಆದರೆ ಹಾಕಿ. ಆಗದಿದ್ದರೆ ರೂಮಿನ ಕೀಲಿ ಪಕ್ಕದಲ್ಲಿ ಕೊಟ್ಟಿರಿ, ನಾನು ನಿದ್ದೆ ಮಾಡಿಕೊಂಡಿರ್ತೇನೆ. ಹಲ್ಲಿನ ಡಬ್ಬಿ ತರ್ತೇನೆ. ಅತ್ತೆ ತೆಂಗಿನೆಣ್ಣೆ ಬಾಟಲಿಯನ್ನೂ ಕಟ್ಟಿಟ್ಟಿದ್ದಾರೆ. ಅಲ್ಲಿ ಮಾವ ಇರೂದಿಲ್ಲ, ಓಡಬೇಡಿ.