ಕೈಪಿಡಿಯ ಆರನೆಯ ಹೆಜ್ಜೆ

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ 8.40

ಸ್ಟಾಫ್ ರೂಮ್. ನಾಲ್ಕನೆಯ ಹೆಜ್ಜೆಯನ್ನು ಮೂರನೆಯ ಸಲ ತಿದ್ದಿದೆ. ಕಾಗದದ ಮೇಲೆ ಬಟನ್ ತೋರಿಸಲು ಒಂದು ಬಾಣ ಬಿಡಿಸಿದ್ದೆ. ಡ್ರಾಯಿಂಗ್ ಮೇಷ್ಟ್ರು ಶನಿವಾರವೆಲ್ಲ ಆ ಬಾಣವನ್ನು ಟ್ಯಾಬಿನಲ್ಲಿ ಹುಡುಕಿದರಂತೆ. "ನಿಮ್ಮ ಬಾಣ ನನ್ನ ಟ್ಯಾಬಲ್ಲಿ ಬಂದಿಲ್ಲ ಮೇಡಂ, ಬೇರೆ ಟ್ಯಾಬ್ ಕೊಡ್ಸಿ" ಅಂದರು. ನಗಲಿಲ್ಲ. ಬಾಣ ತೆಗೆದು ಬಟನ್ನಿನ ಹೆಸರನ್ನೇ ಬರೆದೆ.

ಟ್ಯಾಬ್‌ಗಳು ಬಂದು ಏಳು ತಿಂಗಳು. ಹೆಚ್ಚಿನವು ಬೀರುವಿನಲ್ಲಿ ನಿದ್ದೆ ಹೊಡೆಯುತ್ತಿವೆ. "ನಿಮಗಿದೆಲ್ಲ ನೀರು ಕುಡಿದಷ್ಟು ಸುಲಭ, ಟೀಚರ್‌ಗಳಿಗೆ ಅರ್ಥ ಆಗೋ ಹಾಗೆ ಒಂದು ಕೈಪಿಡಿ ಬರೆದುಬಿಡಿ" ಎಂದು ಹೆಡ್‌ಮೇಡಂ ಹೇಳಿ ಮೂರು ವಾರ. ವಿಜ್ಞಾನ ಕಲಿಸುವವಳಿಗೆ ಎಲ್ಲ ಯಂತ್ರವೂ ಗೊತ್ತಿರುತ್ತದೆ ಎಂಬ ನಂಬಿಕೆ. ಇರಲಿ.

ನನ್ನ ನಿಯಮ: ಒಂದು ಹೆಜ್ಜೆಗೆ ಒಂದೇ ಕೆಲಸ. 'ಅದು', 'ಇದು' ಎನ್ನಬಾರದು. ಯಾರು ಏನು ಒತ್ತಬೇಕು ಎಂದು ನೇರವಾಗಿ ಹೇಳಬೇಕು. ಓದುವವರು ದಡ್ಡರಲ್ಲ, ಹೆದರಿದವರು. ಆದ್ದರಿಂದ ಪ್ರತಿ ಪುಟದ ತಲೆಗೆ — ಹೆದರಬೇಡಿ, ಹೇಳಿದಷ್ಟು ಮಾಡಿ.

ಒಟ್ಟು ಹನ್ನೊಂದು ಹೆಜ್ಜೆ ಆಗಬಹುದು.

ಫೆಬ್ರವರಿ 5, ಬುಧವಾರ. ಸಂಜೆ

ಅತ್ತಿಗೆಯ ಜೊತೆ ಬಸ್ಸಿನಲ್ಲಿ. ಒಂದೇ ಮನೆ, ಒಂದೇ ಬಸ್ಸು, ಒಂದೇ ಸ್ಕೂಲು. ಗೇಟು ದಾಟಿದ ಕೂಡಲೇ ಅವರಿಗೆ ನಾನು 'ಮೇಡಂ'. ಸಂಜೆ ಬಸ್ಸು ಹತ್ತಿದ ಮೇಲೆ ಮತ್ತೆ 'ಏನೇ'. ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ತಪ್ಪಿಲ್ಲ.

ಅವರದು ಎರಡನೆಯ ತರಗತಿ. ಟ್ಯಾಬನ್ನು ಮೊದಲ ದಿನದಿಂದ ಬಳಸುತ್ತಿರುವವರು ಅವರೊಬ್ಬರೇ, ಅದೂ ಒಂದೇ ಕೆಲಸಕ್ಕೆ. ಓದಲು ತಡವರಿಸುವ ಹನ್ನೊಂದು ಮಕ್ಕಳಿಗೆ ಊಟದ ನಂತರ ಅರ್ಧ ಗಂಟೆ ಓದಿನ ಪಿರಿಯಡ್. ಹೆಡ್‌ಮೇಡಂ ಹಿಂದೆ ಬಿದ್ದು, ಕಾಡಿ ಬೇಡಿ ಪಡೆದದ್ದು. ಶುಕ್ರವಾರ ಶುಕ್ರವಾರ ಪ್ರತಿ ಮಗುವಿನ ಓದನ್ನು ರೆಕಾರ್ಡ್ ಮಾಡುತ್ತಾರೆ. ಇಪ್ಪತ್ತೊಂದಕ್ಕೆ ಕಮಿಟಿ ಕೂರುತ್ತದೆ. ಆ ರೆಕಾರ್ಡಿಂಗ್ ಕೇಳಿ, ಪಿರಿಯಡ್ ಮುಂದುವರಿಯಬೇಕೋ ಬೇಡವೋ ಎಂದು ತೀರ್ಮಾನ.

ಇಯರ್‌ಫೋನಿನ ಒಂದು ತುದಿ ನನ್ನ ಕಿವಿಗೆ ಇಟ್ಟರು. ತರಗತಿಯಲ್ಲಿ 'ಇರುವೆ' ಎಂದು ಕರೆಸಿಕೊಳ್ಳುವ ಹುಡುಗಿ. ಜುಲೈ: ಬರೀ ಉಸಿರು, ಆಮೇಲೆ ಮೂಗು ಒರೆಸಿಕೊಂಡ ಸದ್ದು. ಅಕ್ಟೋಬರ್: ಮೂರು ಪದ. ಕಳೆದ ವಾರ: ಇಡೀ ಪುಟ. ಪೂರ್ಣವಿರಾಮ ಬಂದಲ್ಲೂ ನಿಲ್ಲಲು ಒಪ್ಪುತ್ತಿಲ್ಲ, ಓಡುತ್ತಿದ್ದಾಳೆ.

"ಹೇಗಿದೆ?"

"ಚೆನ್ನಾಗಿದೆ ಅತ್ತಿಗೆ."

"ಚೆನ್ನಾಗಿದೆ ಅಂತೆ. ಮಾತಿಗೂ ರೇಷನ್ ನಿಂದು."

ನಿಜವಾಗಿಯೂ ಚೆನ್ನಾಗಿತ್ತು.

ಫೆಬ್ರವರಿ 11, ಮಂಗಳವಾರ

ಕೈಪಿಡಿ ಹಂಚಿದ್ದಾಯಿತು. ಇಪ್ಪತ್ತಮೂರು ಜೆರಾಕ್ಸ್. ಶಿಕ್ಷಣ ಕಚೇರಿಯಿಂದ ಬಂದಿದ್ದ ಅಧಿಕಾರಿ ಒಂದನ್ನು ಪೂರ್ತಿ ಓದಿದರು. ಎಲ್ಲ ಸ್ಕೂಲುಗಳಿಗೂ ಅಚ್ಚು ಹಾಕಿಸೋಣ, ಮುಖಪುಟದಲ್ಲಿ ನಿಮ್ಮ ಹೆಸರು ಹಾಕೋಣ ಎಂದರು. ಖುಷಿಯಾಯಿತು. ಸುಳ್ಳು ಯಾಕೆ, ಬಹಳ ಖುಷಿಯಾಯಿತು.

ಅತ್ತಿಗೆ ತಮ್ಮ ಪ್ರತಿಗೆ ಲ್ಯಾಮಿನೇಷನ್ ಮಾಡಿಸಿದ್ದಾರೆ. ರಾತ್ರಿ ಊಟಕ್ಕೆ ಕೂತಾಗ ಆರನೆಯ ಹೆಜ್ಜೆಯ ಮೇಲೆ ಬೆರಳಿಟ್ಟರು. ಟ್ಯಾಬಿನಲ್ಲಿ ಜಾಗ ಸಾಲದು ಎಂದು ಬಂದರೆ ಎಲ್ಲ ರೆಕಾರ್ಡಿಂಗ್ ಆರಿಸಿ, ಡಿಲೀಟ್ ಒತ್ತಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ. ನಕಲು ಸ್ಕೂಲಿನ ಅಕೌಂಟಿನಲ್ಲಿ ಇದ್ದೇ ಇರುತ್ತದೆ — ಎಂದು ಬರೆದಿದ್ದೇನೆ.

"ಅಳಿಸಿದ್ರೆ ಹೋಗಿಬಿಡಲ್ವೇನೇ?"

"ಇದ್ದೇ ಇರುತ್ತೆ ಅಂತ ಬರೆದಿದೀನಲ್ಲ ಅತ್ತಿಗೆ. ಹೇಳಿದಷ್ಟು ಮಾಡಿ, ಸಾಕು."

ಅಣ್ಣ ಕನ್ನಡಕದ ಅಂಗಡಿ ಮುಚ್ಚಿ ಆಗಷ್ಟೇ ಬಂದಿದ್ದ. "ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಪೈಕಿ ಅವಳು. ನೀನು ಬರೆಯೋದು ನೋಡ್ಕೊಂಡು ಬರಿ."

ಮೂವರೂ ನಕ್ಕೆವು.

ಫೆಬ್ರವರಿ 14, ಶುಕ್ರವಾರ. ಮಧ್ಯಾಹ್ನ 3.15

ಲ್ಯಾಬಿನಲ್ಲಿದ್ದೆ. ಒಂಬತ್ತನೆಯ ತರಗತಿ, ಲಿಟ್ಮಸ್ ಕಾಗದ. ಬಾಗಿಲಲ್ಲಿ ಅತ್ತಿಗೆ. "ಮೇಡಂ, ಸ್ವಲ್ಪ ನೋಡ್ತೀರಾ?"

ಇರುವೆಯ ಸರದಿ ಬಂದಾಗ ಜಾಗ ಸಾಲದು ಎಂದು ಬಂತಂತೆ. ಕೈಪಿಡಿ ತೆಗೆದು ಆರನೆಯ ಹೆಜ್ಜೆ ಮಾಡಿದರಂತೆ. ಈಗ ಹಳೆಯದು ಎಲ್ಲಿ ನೋಡಬೇಕು ಎಂದು ಕೇಳಲು ಬಂದದ್ದು.

ಸ್ಕೂಲಿನ ಅಕೌಂಟ್ ತೆರೆದೆ. ಕೈಪಿಡಿಗೆಂದು ಮಾಡಿ ನೋಡಿದ ನನ್ನ ರೆಕಾರ್ಡಿಂಗ್‌ಗಳಿವೆ. ಅವರದು ಇಲ್ಲ. ಅವರ ಟ್ಯಾಬಿನ ಸೆಟ್ಟಿಂಗ್ಸ್ ನೋಡಿದೆ. ನಕಲು ಕಳಿಸುವ ಸ್ವಿಚ್ ಆಫ್. ಪಕ್ಕದ ಬೀರುವಿನಲ್ಲಿದ್ದ ಎರಡು ಟ್ಯಾಬ್ ತೆಗೆದು ನೋಡಿದೆ. ಆಫ್. ಆಫ್. ನನ್ನದೊಂದರಲ್ಲಿ ಮಾತ್ರ ಆನ್. ಜುಲೈಯಲ್ಲಿ ನಾನೇ ಆನ್ ಮಾಡಿಕೊಂಡಿದ್ದೆ, ಮರೆತಿದ್ದೆ. ಕೈಪಿಡಿ ಬರೆಯುವಾಗ ಬೇರೆ ಯಾರ ಟ್ಯಾಬನ್ನೂ ತೆರೆದು ನೋಡಿರಲಿಲ್ಲ. ಕಸದ ಬುಟ್ಟಿ ಖಾಲಿ. ಖಾಲಿ ಮಾಡಲು ಹೇಳಿದ್ದೂ ನಾನೇ.

"ಎಷ್ಟಿತ್ತು?"

"ಹನ್ನೊಂದು ಮಕ್ಕಳು. ಇಪ್ಪತ್ತೆಂಟು ಶುಕ್ರವಾರ."

"ನೆಟ್‌ವರ್ಕ್ ಪ್ರಾಬ್ಲಂ ಇರಬಹುದು. ನೋಡೋಣ."

ನೆಟ್‌ವರ್ಕ್ ಚೆನ್ನಾಗಿಯೇ ಇತ್ತು.

ಫೆಬ್ರವರಿ 17, ಸೋಮವಾರ

ಟ್ಯಾಬ್ ರಿಪೇರಿಯವನಿಗೆ ತೋರಿಸಿದೆ. ಆಗುವುದಿಲ್ಲ ಎಂದ. ಅತ್ತಿಗೆಗೆ ಅಷ್ಟನ್ನೇ ಹೇಳಿದೆ. "ಹೌದಾ" ಅಂದರು. ಯಾಕೆ ಹೀಗಾಯಿತು ಎಂದು ಕೇಳಲಿಲ್ಲ. ಕೇಳಿದರೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿ ಇಟ್ಟುಕೊಂಡಿದ್ದೆ.

ಕೈಪಿಡಿ ತಿದ್ದಿದೆ. ಆರನೆಯದಕ್ಕಿಂತ ಮುಂಚೆ ಹೊಸ ಹೆಜ್ಜೆ: ನಕಲು ಅಕೌಂಟಿಗೆ ಹೋಗಿದೆಯೇ, ಕಣ್ಣಾರೆ ನೋಡಿ. ಈಗ ಒಟ್ಟು ಹನ್ನೆರಡು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಊಟದ ಹೊತ್ತಿನಲ್ಲಿ ಸ್ಟಾಫ್ ರೂಮಿನ ಡ್ರಾಯರುಗಳಿಂದ ಹಳೆಯ ಪ್ರತಿ ವಾಪಸ್ ತೆಗೆದುಕೊಂಡು ಹೊಸದು ಇಟ್ಟೆ. "ಅಕ್ಷರ ತಪ್ಪಿದ್ವು" ಎಂದೆ. ಡ್ರಾಯಿಂಗ್ ಮೇಷ್ಟ್ರು, "ಎಂಥಾ ಶ್ರದ್ಧೆ ಮೇಡಂ ನಿಮ್ದು" ಎಂದರು. ಕಚೇರಿಗೂ ಹೊಸದನ್ನು ಕಳಿಸಿದೆ. ಕಾರಣ ಬರೆಯಲಿಲ್ಲ.

ಇಪ್ಪತ್ತೆರಡು ಪ್ರತಿ ಸಿಕ್ಕಿತು. ಅತ್ತಿಗೆಯದನ್ನು ಕೇಳಲಿಲ್ಲ. ಹೊಸದೊಂದನ್ನು ಅವರ ಮೇಜಿನ ಮೇಲೆ ಇಟ್ಟು ಬಂದೆ.

ಫೆಬ್ರವರಿ 28, ಶುಕ್ರವಾರ

ಹನ್ನೊಂದು ದಿನ ಬರೆದಿಲ್ಲ. ಬರೆಯುವುದು ಇತ್ತು, ಅದಕ್ಕೇ ಬರೆಯಲಿಲ್ಲ. ಈಗ ಇದ್ದಂತೆ ಬರೆದುಬಿಡುತ್ತೇನೆ.

ಇಪ್ಪತ್ತೊಂದಕ್ಕೆ ಕಮಿಟಿ ಕೂತಿತು. ಕಚೇರಿಯ ಆ ಅಧಿಕಾರಿಯೂ ಸೇರಿ ಐದು ಜನ, ಜೊತೆಗೆ ಹೆಡ್‌ಮೇಡಂ. ಪ್ರೊಜೆಕ್ಟರ್ ನೋಡಿಕೊಳ್ಳಲು ನಾನು. ರೆಕಾರ್ಡಿಂಗ್ ಹಾಕಿ ಎಂದರು. ಅತ್ತಿಗೆ ಎದ್ದು ನಿಂತರು. ಎಲ್ಲ ಅಳಿಸಿಹೋಗಿದೆ ಎಂದರು.

"ಕೈಪಿಡಿ ಕೊಟ್ಟಿರಲಿಲ್ವಾ?" ಎಂದು ಅಧಿಕಾರಿ.

ಅತ್ತಿಗೆ ತಕ್ಷಣ ಉತ್ತರ ಕೊಡಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಹಾಗೆ, ನಾನು ಪ್ರೊಜೆಕ್ಟರಿನ ವೈರು ಹಿಡಿದು ಅಲ್ಲಾಡಿಸುತ್ತಿದ್ದೆ. ವೈರು ಸರಿಯಾಗಿತ್ತು.

"ಕೊಟ್ಟಿದ್ರು ಸರ್. ನಾನೇ ಸರಿಯಾಗಿ ಓದ್ಲಿಲ್ಲ."

"ಓದು ಕಲಿಸೋ ಟೀಚರೇ ಓದ್ಲಿಲ್ಲ ಅಂದ್ರೆ!" ಯಾರೋ ಅಂದರು. ಸಣ್ಣ ನಗು. ಹೆಡ್‌ಮೇಡಂ ಕೂಡ ನಕ್ಕರು.

ಹಾಗಾದರೆ ಒಂದು ಮಗುವನ್ನಾದರೂ ಕರೆಸಿ ಎಂದರು. ಇರುವೆ ಬಂದಳು. ಆರು ದೊಡ್ಡವರು, ಉದ್ದನೆಯ ಮೇಜು. ಪುಸ್ತಕ ಹಿಡಿದು ನಿಂತಳು. ತುಟಿ ಅಲ್ಲಾಡಿತು, ದನಿ ಬರಲಿಲ್ಲ. ಅತ್ತಿಗೆ ಬಗ್ಗಿ ಕಿವಿಯಲ್ಲಿ ಏನೋ ಹೇಳಿ ಕಳಿಸಿದರು. ಏಳು ತಿಂಗಳಲ್ಲಿ ಇಷ್ಟೇನಾ ಎಂದು ಒಬ್ಬರು ಕೇಳಿದರು. ಜುಲೈಯ ಉಸಿರನ್ನು ಕೇಳಿಸದೆ ಜನವರಿಯ ಪುಟವನ್ನು ನಂಬಿಸುವುದು ಹೇಗೆ?

ತೀರ್ಮಾನ: ಮಾರ್ಚ್ ನಾಲ್ಕರಿಂದ ಓದಿನ ಪಿರಿಯಡ್ ಇಲ್ಲ. ಆ ಅರ್ಧ ಗಂಟೆ ಡಿಜಿಟಲ್ ಕ್ಲಾಸಿಗೆ. ಕಲಿಸುವವಳು ನಾನು. "ಆಗಬಹುದಲ್ವಾ?" ಎಂದು ಹೆಡ್‌ಮೇಡಂ ಕೇಳಿದರು.

ಆಗಲಿ ಎಂದೆ.

ಸಂಜೆ ಬಸ್ಸಿನಲ್ಲಿ ಅತ್ತಿಗೆ ಕಿಟಕಿ ಪಕ್ಕ ಕೂತರು. ಅಣ್ಣನಿಗೆ ಹೊಸ ಚಪ್ಪಲಿ ತೆಗೆದುಕೊಳ್ಳಬೇಕು ಎಂದರು. 

ಮಾರ್ಚ್ 2, ಭಾನುವಾರ. ಬೆಳಿಗ್ಗೆ 11

ಅಡುಗೆಮನೆ. ನಾನು ಪಾತ್ರೆ ತೊಳೆಯುವುದು, ಅತ್ತಿಗೆ ಒರೆಸಿ ಇಡುವುದು. ಭಾನುವಾರದ ಪದ್ಧತಿ.

"ಹೊಸ ಹಾಳೇಲಿ ಒಂದು ಹೆಜ್ಜೆ ಜಾಸ್ತಿ ಇದೆಯಲ್ಲೇ."

ನಲ್ಲಿ ನಿಲ್ಲಿಸಿದೆ.

"ಒಳ್ಳೇದಾಯ್ತು ಬಿಡು. ಬೇರೆಯವರಿಗೆ ಹಾಗಾಗಲ್ಲ."

"ಗೊತ್ತಿತ್ತಾ ನಿಮಗೆ?"

"ಹಳೇದೂ ನನ್ನತ್ರಾನೇ ಇದೆ. ಎರಡೂ ಪಕ್ಕಪಕ್ಕ ಇಟ್ಟು ನೋಡಿದೆ. ಓದಕ್ಕೆ ಬರುತ್ತೆ ನನಗೆ."

"ಮತ್ತೆ ಅವತ್ತು ಮೀಟಿಂಗಲ್ಲಿ ಯಾಕೆ ಹೇಳ್ಲಿಲ್ಲ ಅತ್ತಿಗೆ?"

ಒಂದು ತಟ್ಟೆ ಪೂರ್ತಿ ಒರೆಸಿದರು. ಎರಡೂ ಕಡೆ.

"ನೀನು ಅಲ್ಲೇ ಇದ್ಯಲ್ಲ. ನೀನೇ ಹೇಳ್ತೀಯ ಅಂತ ಕಾದೆ. ಅವರು ನನ್ನ ಮುಖ ನೋಡ್ತಾ ಇದ್ರು. ಎಷ್ಟು ಹೊತ್ತು ಅಂತ ಕಾಯೋದು?"

ಬೈದಿದ್ದರೆ ವಾಸಿ ಇತ್ತು. ಆ ಲೋಟ ಕೊಡು ಎಂದರು, ಕೊಟ್ಟೆ. ನಾಚಿಕೆಯಾಯಿತು. ಆ ಮೀಟಿಂಗಿನಲ್ಲಿ ಆಗಬೇಕಿದ್ದಷ್ಟೂ ಅಡುಗೆಮನೆಯಲ್ಲಿ ಆಯಿತು.

ಅಣ್ಣ ಹೊರಗಿನಿಂದ, "ಏನು, ಅತ್ತಿಗೆ ನಾದಿನಿ ಇಬ್ರೂ ಮೌನವ್ರತಾನಾ?" ಎಂದ. ಅತ್ತಿಗೆ, "ಕೆಲಸ ಮಾಡ್ತಿದೀವಿ, ನಿಮ್ಮ ಹಾಗಲ್ಲ" ಎಂದು ನಕ್ಕರು. ನನಗೆ ನಗಲು ಆಗಲಿಲ್ಲ.

ಮಾರ್ಚ್ 3, ಸೋಮವಾರ. ಬೆಳಿಗ್ಗೆ 9.10

ಹೆಡ್‌ಮೇಡಂ ರೂಮಿನ ಹೊರಗೆ, ಬೆಂಚಿನ ಮೇಲೆ. ಕಚೇರಿಯಿಂದ ಮುಖಪುಟದ ಮಾದರಿ ಬಂದಿದೆ. ನನ್ನ ಹೆಸರು ದಪ್ಪಕ್ಷರದಲ್ಲಿ. ಒಪ್ಪಿಗೆ ಎಂದು ಬರೆದು ಹನ್ನೊಂದು ಗಂಟೆಯೊಳಗೆ ಕಳಿಸಬೇಕಂತೆ.

ಬರೆಯಲಿಲ್ಲ. ಬದಲಿಗೆ ಹೆಡ್‌ಮೇಡಂಗೆ, ಕಚೇರಿಗೆ, ಕಮಿಟಿಗೆ ಸೇರಿಸಿ ಒಂದು ಪತ್ರ ಬರೆಯುತ್ತಿದ್ದೇನೆ. ಬೆಳಿಗ್ಗೆಯಿಂದ ಎರಡು ಹರಿದೆ. ಮೊದಲನೆಯದರಲ್ಲಿ 'ತಪ್ಪೊಂದು ನುಸುಳಿದೆ' ಎಂದಿತ್ತು. ತಪ್ಪು ತಾನಾಗಿ ನಡೆದು ಬಂದ ಹಾಗೆ. ಎರಡನೆಯದರಲ್ಲಿ 'ತಾಂತ್ರಿಕ ಕಾರಣಗಳಿಂದ'. ಬೇರೆಯವರಿಗೆ ಹನ್ನೆರಡು ಹೆಜ್ಜೆ ನೇರವಾಗಿ ಬರೆದುಕೊಟ್ಟವಳು, ನನ್ನದೊಂದು ವಾಕ್ಯಕ್ಕೆ ಇಷ್ಟು ಸುತ್ತು.

ಇದರಿಂದ ಪಿರಿಯಡ್ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ರೆಕಾರ್ಡಿಂಗ್ ಅಂತೂ ಬರುವುದಿಲ್ಲ. ಅಚ್ಚು ನಿಲ್ಲಬಹುದು. ಸ್ಟಾಫ್ ರೂಮಿನಲ್ಲಿ ನಾಲ್ಕು ದಿನ ಮಾತಾಗಬಹುದು. ಆಗಲಿ.

ಬಾಗಿಲು ಅರ್ಧ ತೆರೆದಿದೆ. ಒಳಗೆ ಅತ್ತಿಗೆ ಇದ್ದಾರೆ, ಹೊಸ ಟೈಮ್‌ಟೇಬಲ್‌ಗೆ ಒಪ್ಪಿದ್ದೇನೆ ಎಂದು ಸಹಿ ಹಾಕಲು ಬಂದವರು. "ಇಲ್ಲಿ, ಕೆಳಗೆ" ಎಂದು ಹೆಡ್‌ಮೇಡಂ ತೋರಿಸುತ್ತಿದ್ದಾರೆ. ಅತ್ತಿಗೆ ಬ್ಯಾಗಿನಲ್ಲಿ ಪೆನ್ನು ಹುಡುಕುತ್ತಿದ್ದಾರೆ. ಈಗಲೇ ಒಳಗೆ ಹೋಗಬೇಕು. ಮುಗಿಸಿಬಿಡುತ್ತೇನೆ, ಇಷ್ಟೇ —

ಮೊದಲು ಹಂಚಿದ ಕೈಪಿಡಿಯ ಆರನೆಯ ಹೆಜ್ಜೆ ತಪ್ಪು. ಬರೆದವಳು ನಾನು. ಎರಡನೆಯ ತರಗತಿಯ ಟೀಚರ್ ಅದನ್ನು ಒಂದಕ್ಷರ ಬಿಡದೆ ಸರಿಯಾಗಿ ಓದಿ, ಹೇಳಿದಷ್ಟೇ ಮಾಡಿದರು.