ಕರುಳಿನ ಮೇಲೊಂದು ಬಳೆ

ಸುಳ್ಯ, ಆಸ್ಪತ್ರೆಯಿಂದ
೧೪-೧೧-೨೦೨೪, ಗುರುವಾರ

ಪ್ರೀತಿಯ ಸುರಕ್ಷಾಳ ಅಪ್ಪನಿಗೆ,

ನಿಮ್ಮ ಹೆಸರು ಬರೆಯಲು ಈ ವಯಸ್ಸಿನಲ್ಲೂ ಕೈ ಬರುವುದಿಲ್ಲ, ನಗಬೇಡಿ. ಮೊಣಕಾಲು ನೋವು ಹೇಗಿದೆ? ಬಿಸಿನೀರಿನ ಶಾಖ ಕೊಡುತ್ತಿದ್ದೀರಾ, ಅಥವಾ ನಾನಿಲ್ಲವೆಂದು ಇಡೀ ದಿನ ದನದ ಹಟ್ಟಿಯಲ್ಲೇ ಠಿಕಾಣಿಯೇ? ಫೋನಿನಲ್ಲಿ ನಿಮಗೆ ಕಿವಿ ಕೇಳುವುದಿಲ್ಲ, ನಾನು ಬೊಬ್ಬೆ ಹಾಕಿದರೆ ವಾರ್ಡಿಗೆ ವಾರ್ಡೇ ತಿರುಗಿ ನೋಡುತ್ತದೆ. ಅದಕ್ಕೇ ಈ ಕಾಗದ. ನಾಳೆ ನಮ್ಮ ನೆರೆಮನೆಯ ಅಲಿ ಕುಂಞಿ ಪಿಕಪ್ಪಿನಲ್ಲಿ ಊರಿಗೆ, ಕೊಯಿಲಕ್ಕೆ ಬರುವಾಗ ತಂದುಕೊಡುತ್ತಾನೆ.

ಮೊದಲು ಸಂತೋಷದ ಸುದ್ದಿ. ಮೊಮ್ಮಗಳಿಗೆ ಆಪರೇಷನ್ ಆಗಿ ಇಂದಿಗೆ ಒಂಬತ್ತು ದಿನ. ಮೂಗಿನ ನಳಿಗೆ ತೆಗೆದರು. ನಿನ್ನೆಯಿಂದ ತಾಯಿಯ ಹಾಲು ಕುಡಿಯುತ್ತಿದ್ದಾಳೆ, ಒಂದು ಸಲವೂ ಕಕ್ಕಲಿಲ್ಲ. ಬೆಳಿಗ್ಗೆ ಚೆಂದಕ್ಕೆ ಹಳದಿಯಾಗಿ ಹೇತಳು. ಅಳಿಯ ಸುಜಯ್ ಅದರ ಫೋಟೋ ತೆಗೆದು ಅವನ ಅಮ್ಮನಿಗೂ ಕಳಿಸಿದ!

ಮಗುವಿಗೆ ಏನಾಗಿತ್ತೆಂದು ಡಾಕ್ಟರ್ ಸಫೂರಾ ನನ್ನ ಕೈಬಳೆ ಹಿಡಿದೇ ತೋರಿಸಿದರು. ಜಠರದ ಹಿಂದೆ ಮೇದೋಜೀರಕ ಗ್ರಂಥಿ ಅಂತ ಒಂದಿರುತ್ತದಂತೆ. ನಮ್ಮ ಮಗುವಿಗೆ ಅದು ಬೆಳೆಯುವಾಗಲೇ ಸಣ್ಣ ಕರುಳಿಗೆ ಬಳೆಯ ಹಾಗೆ ಸುತ್ತಿಕೊಂಡು ಬಿಗಿದಿತ್ತು. ಹಾಲು ಕೆಳಗೆ ಇಳಿಯುವುದು ಹೇಗೆ? ಅವಳು ಹಸಿರಾಗಿ ಕಕ್ಕುತ್ತಿದ್ದದ್ದು ಪಿತ್ತವಂತೆ. ಎಕ್ಸ್‌ರೇಯಲ್ಲಿ ಗಾಳಿಯ ಎರಡು ಗುಳ್ಳೆ ಕಂಡಾಗಲೇ ಅವರಿಗೆ ಸಂಶಯ ಬಂದಿತ್ತು, ಮತ್ತೆ ಸ್ಕ್ಯಾನ್ ಮಾಡಿದರು. ಆ ಬಳೆಯನ್ನು ಕತ್ತರಿಸಬಾರದಂತೆ, ರಸ ಸೋರುತ್ತದೆ. ಅದನ್ನು ಅದರ ಪಾಡಿಗೆ ಬಿಟ್ಟು, ಮೇಲಿನ ಕರುಳನ್ನು ಕೆಳಗಿನದಕ್ಕೆ ಹೊಲಿದು ಹಾಲಿಗೆ ಬೇರೆ ದಾರಿ ಮಾಡಿಕೊಟ್ಟರು.

ಇನ್ನು ನನ್ನ ಪ್ರತಾಪ. ಮಗು ಮೊದಲ ಸಲ ಹಸಿರು ಕಕ್ಕಿದ ದಿನ ಸುರಕ್ಷಾ ಕದ್ದು ಒಂದೆಲಗದ ಹಸಿರು ತಂಬುಳಿ ಉಂಡಿದ್ದಳಲ್ಲ? 'ಬಾಣಂತಿ ತಂಪು ತಿಂದ್ರೆ ಹಾಲಿಗೆ ಹಸಿರು ಇಳಿಯುದಿಲ್ವಾ?' ಎಂದು ಎರಡು ದಿನ ಅವಳನ್ನು ಹುರಿದು ಮುಕ್ಕಿದೆ. ಕರಿಮೆಣಸಿನ ಸಾರು ಬಿಟ್ಟು ಬೇರೇನೂ ಬಡಿಸಲಿಲ್ಲ. ಕೊನೆಗೆ ನೀವು ಮಗು ಕಕ್ಕಿ ಹಸಿರಾದ ಬಟ್ಟೆ ನೋಡಿ, 'ಮೂವತ್ತು ವರ್ಷ ಫಾರ್ಮಿನಲ್ಲಿ ಹುಲ್ಲು ತಿಂದ ದನಗಳದ್ದೇ ಹಾಲು ಕರೆದದ್ದು ಮಾರಾಯ್ತಿ, ಒಂದು ದಿನ ಹಸಿರು ಬರ್ಲಿಲ್ಲ. ಹೊರಡು ಆಸ್ಪತ್ರೆಗೆ' ಎಂದಿರಿ. ನೀವು ಹಾಗೆ ಹೇಳದಿದ್ದರೆ ಮೂರನೆಯ ದಿನವನ್ನೂ ನಾನು ಸಾರಿನಲ್ಲೇ ಕಳೆಯುತ್ತಿದ್ದೆ.

ಡಾಕ್ಟರು ಅವಳ ಎದುರೇ, 'ಇದು ಹುಟ್ಟುವ ಮೊದಲೇ ಆದದ್ದು ಅಮ್ಮಾ, ತಾಯಿ ತಿಂದದ್ದಕ್ಕೂ ಇದಕ್ಕೂ ಎಂತದೂ ಸಂಬಂಧ ಇಲ್ಲ' ಎಂದರು. ಸುರಕ್ಷಾ ನನ್ನ ಮುಖ ನೋಡಲಿಲ್ಲ. ಮಗುವನ್ನು ನರ್ಸಿಗೆ ಕೊಡುತ್ತಾಳೆ, ಗಂಡನಿಗೆ ಕೊಡುತ್ತಾಳೆ, ನನ್ನ ಕೈಗೆ ಮಾತ್ರ ಕೊಡುವುದಿಲ್ಲ. ಆದರೂ ಬಾಯಿಬಿಟ್ಟು ಒಂದು ಮಾತು ಹೇಳಲು ನನಗೆ ಧೈರ್ಯ ಬಂದಿಲ್ಲ.

ಸೋಮವಾರ ಮನೆಗೆ ಬಿಡುತ್ತಾರಂತೆ. ಮಗುವಿನದ್ದು ನಿಮ್ಮದೇ ಮೂಗು, ಅದಕ್ಕೆ ಆಪರೇಷನ್ ಇಲ್ಲವಂತೆ. ಹೊತ್ತಿಗೆ ಸರಿಯಾಗಿ ಉಣ್ಣಿ.

ಇತಿ ನಿಮ್ಮ
ಕಮಲಾವತಿ

ತಾ.ಕ.: ಕವರು ಅಂಟಿಸುವ ಮೊದಲು ಇಷ್ಟು. ಈಗಷ್ಟೇ ಹೇಳಿಬಿಟ್ಟೆ, 'ತಪ್ಪು ನಂದು ಮಗಾ, ನಿಂದಲ್ಲ' ಎಂದು. ಮೂವತ್ತೈದು ವರ್ಷದಲ್ಲಿ ನಿಮಗೂ ಹೇಳದ ಮಾತು! ಅವಳು ಮಗುವಿನ ಬಟ್ಟೆ ಮಡಚಿದಳು. ಆಮೇಲೆ 'ನಾನು ಮೀಯ್ಲಿಕ್ಕೆ ಹೋಗ್ತೇನೆ ಅಮ್ಮಾ, ಹಿಡ್ಕೊ' ಎಂದು ಮಗುವನ್ನು ನನ್ನ ಮಡಿಲಿಗೆ ಹಾಕಿ ಹೋದಳು. ನನ್ನ ಬಲಗೈ ಮಗುವಿನ ತಲೆಯ ಅಡಿಯಲ್ಲಿದೆ, ತೆಗೆದರೆ ಎದ್ದಾಳು. ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಸುಧಾರಿಸಿಕೊಂಡು ಓದಿ.